ಗಾಜಿನ ಮೇಲೆ ತಟ್ಟಿದ ಬೆನ್ನು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಒದೆಯುವ ಆ ಕಿಕ್ಕರ್ ನಿವೃತ್ತನಾದ ವಿಡಿಯೊವನ್ನು ಇವತ್ತು ಮಗ ಫೋನಿನಲ್ಲಿ ತೋರಿಸಿದ. ಗಡ್ಡವೆಲ್ಲ ನರೆತಿದೆ. ನನ್ನ ಅಂಗೈಗೆ ಹಳೆಯ ಟಿವಿ ಗಾಜಿನ ಚುರುಚುರು ನೆನಪಾಯಿತು.

ನಾನು ಚಿಕ್ಕವಳಿದ್ದಾಗ, ಗಲ್ಫ್‌ನ ಈ ನಗರದ ಮುಶೈರಿಬ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಬಾಪ, ಅಂದರೆ ನನ್ನ ತಂದೆ, ಹೋಟೆಲೊಂದರ ಜನರೇಟರ್ ನೋಡಿಕೊಳ್ಳುತ್ತಿದ್ದರು. ಕರೆಂಟ್ ಹೋದಾಗಷ್ಟೇ ಎಲ್ಲರಿಗೂ ಅವರ ನೆನಪು. ಶುಕ್ರವಾರ ಬೆಳಿಗ್ಗೆ ಲುಂಗಿ ಮಡಚಿ ಕಟ್ಟಿ, ಹಾಲಿಲ್ಲದ ಸುಲೈಮಾನಿ ಚಹಾ ಹೀರುತ್ತಾ ಟಿವಿಯಲ್ಲಿ ಆ ಆಟ ನೋಡುತ್ತಿದ್ದರು. ನಿಯಮ ಒಂದೂ ಗೊತ್ತಿರಲಿಲ್ಲ. ಆಟವಿಡೀ ಬೆಂಚಿನಲ್ಲಿ ಕುಳಿತು, ಕರೆದಾಗ ಬಂದು, ಎರಡು ಕಂಬಗಳ ನಡುವೆ ಚೆಂಡು ಒದ್ದು ಹೋಗುವ ಆ ಹುಡುಗನೊಬ್ಬನೇ ಅವರಿಗೆ ಬೇಕು.

"ಇವನದ್ದೂ ನನ್ನ ಹಾಗೆ ಸ್ಟ್ಯಾಂಡ್‌ಬೈ ಡ್ಯೂಟಿ ಮಾರಾಯ್ತಿ," ಎಂದು ನನ್ನ ತಾಯಿಗೆ, ಉಮ್ಮನಿಗೆ, ಹೇಳುತ್ತಿದ್ದರು.

ಒಮ್ಮೆ ಅವನ ಕೊನೆಯ ಒದೆತ ಕಂಬದ ಹೊರಗೆ ಹೋಗಿ ತಂಡ ಸೋತಿತು. ತಲೆ ತಗ್ಗಿಸಿ ನಡೆದ ಹುಡುಗನ ಹತ್ತಿರ ಯಾರೂ ಬರಲಿಲ್ಲ.

"ಒಬ್ಬನಿಗಾದ್ರೂ ಅವನ ಬೆನ್ನು ತಟ್ಟಲಿಕ್ಕೆ ಆಗುದಿಲ್ವಾ?" ಎಂದು ರೇಗಿದ ಬಾಪ, ಎದ್ದುಹೋಗಿ ಟಿವಿಯ ಗಾಜಿನ ಮೇಲೆಯೇ ಅವನ ಬೆನ್ನು ತಟ್ಟಿದರು. ನಾನೂ ತಟ್ಟಿದೆ; ಗಾಜಿನ ಕರೆಂಟಿಗೆ ಅಂಗೈ ಚುರುಗುಟ್ಟಿತು. "ಖಲಾಸ್, ಬಿಡು. ನಾಳೆ ಪುನಃ ಡ್ಯೂಟಿ ಉಂಟಲ್ಲ," ಎಂದರು ಬಾಪ ಅವನಿಗೆ.

ಮರುವಾರವೂ ಅವನೇ ಬಂದ. ನಾನು ಮದುವೆಯಾಗಿ ಅಲ್ ರಯ್ಯಾನ್‌ಗೆ ಬಂದ ಮೇಲೂ, ಆ ಕಟ್ಟಡ ಕೆಡವಿದ ಮೇಲೂ ಅವನು ಒದೆಯುತ್ತಲೇ ಇದ್ದ.

ಬಾಪ ಈಗ ನಮ್ಮ ಜೊತೆಗೇ ಇದ್ದಾರೆ. ಫೋನ್ ಅವರ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೆಲ್ಲಗೆ ಬೆರಳಿನಿಂದ ಅವನ ಬೆನ್ನು ತಟ್ಟಿದರು. ಬೆರಳು ತಾಗಿ ವಿಡಿಯೊ ನಿಂತುಬಿಟ್ಟಿತು.

ಮತ್ತೆ ಓಡಿಸಲು ನಾನು ಕೈಚಾಚಿದೆ.

"ಬೇಡ, ಪುನಃ ಶುರು ಮಾಡ್ಬೇಡ," ಎಂದರು. "ಇನ್ನಾದ್ರೂ ರೆಸ್ಟ್ ಮಾಡ್ಲಿ, ಪಾಪ."