ನಿಲ್ಲಿಸಿಟ್ಟ ಯಂತ್ರದ ದೀಪ

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಎದುರಿಗೆ ನಗುತ್ತಿರಲಿಲ್ಲ, ಮನೆಗೆ ಬಂದು ನಗುತ್ತಿದ್ದೆ. ಕುಶಾಲನಗರದ ಹತ್ತಿರವಿರುವ ನನ್ನ ಸೋದರತ್ತೆ, ತೀರಿಕೊಂಡ ಮಾವನ ರೇಡಿಯೋ ಸಂಜೆ ಹೊತ್ತು ತಾನಾಗಿಯೇ ಮಾತಾಡುತ್ತದೆ ಎಂದು ಊರಿಗೆಲ್ಲ ಸಾರಿದಾಗ, ನಾನು ಅದನ್ನು ಬಿಚ್ಚಿ ಸ್ವಿಚ್ಚಿನ ಸಂದಿಯಲ್ಲಿ ಸಂಸಾರ ಹೂಡಿದ್ದ ಜಿರಲೆಗಳನ್ನು ತೋರಿಸಿದ್ದೆ. ಅತ್ತೆ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಯಂತ್ರ ಸುಳ್ಳು ಹೇಳುವುದಿಲ್ಲ, ನೋಡುವವನಿಗೆ ತಾಳ್ಮೆ ಬೇಕು ಅಷ್ಟೆ ಎಂಬುದು ನನ್ನ ನಂಬಿಕೆ. ಈಗಲೂ ಹೆಚ್ಚುಕಡಿಮೆ ಅದೇ ನಂಬಿಕೆ. ಒಂದು ಮಧ್ಯಾಹ್ನದ ಸಂಗತಿ ಮಾತ್ರ ಅದರೊಳಗೆ ಕೂರುವುದಿಲ್ಲ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗೋಣಿಕೊಪ್ಪಲಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ತೂಕದ ಯಂತ್ರ, ಕ್ಯಾಮೆರಾ, ಇನ್ವರ್ಟರು, ಏನು ತಂದರೂ ಬಿಚ್ಚುತ್ತೇನೆ. ಕೆಲವು ವರ್ಷಗಳ ಹಿಂದೆ ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿಗೆ ಆನೆ ಎಚ್ಚರಿಕೆಯ ಪೆಟ್ಟಿಗೆಯೊಂದನ್ನು ಜೋಡಿಸಿಕೊಟ್ಟಿದ್ದೆ. ಆ ತೋಟದಿಂದ ಲೈನಿಗೆ, ಅಂದರೆ ಕೆಲಸದವರ ಸಾಲುಮನೆಗಳಿಗೆ, ಹೋಗುವ ಕಾಲುದಾರಿ ಒಂದು ಕೆರೆಯ ಬಳಿ ತಿರುಗುತ್ತದೆ. ಕೆರೆಯ ಆಚೆ ಕಾಡು. ಆನೆಗಳು ನೀರಿಗೆ ಇಳಿಯುವುದು ಅಲ್ಲೇ. ತಿರುವಿನ ಕಂಬದಲ್ಲಿ ಮೈಶಾಖವನ್ನು ಗುರುತಿಸುವ ಕ್ಯಾಮೆರಾ, ಪೆಟ್ಟಿಗೆಯೊಳಗೆ ಅಂಗೈಯಗಲದ ಕಂಪ್ಯೂಟರು, ತುದಿಯಲ್ಲಿ ಕೆಂಪು ದೀಪ. ಆನೆ ಹತ್ತಿರವಿದ್ದರೆ ದೀಪ ಉರಿಯಬೇಕು; ದೀಪ ಆರಿದ್ದರೆ ಜನ ಧೈರ್ಯವಾಗಿ ನಡೆದು ಬರುತ್ತಿದ್ದರು. ಈ ಏರ್ಪಾಡಿನಲ್ಲೇ ಒಂದು ಪೆದ್ದುತನವಿತ್ತು, ಅದು ನನ್ನದೇ. ಪೆಟ್ಟಿಗೆ ಕೆಟ್ಟು ನಿಂತರೂ ದೀಪ ಆರಿಯೇ ಇರುತ್ತಿತ್ತು.

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಎರಡನೆಯ ವರ್ಷ, ಸರಿಯಾಗಿ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯಕ್ಕೆ, ಪೆಟ್ಟಿಗೆ ಎರಡು ಮೂರು ದಿನಕ್ಕೊಮ್ಮೆ ಸ್ತಬ್ಧವಾಗತೊಡಗಿತು. ಎಸ್ಟೇಟಿನ ರೈಟರ್ ಕುಶಾಲಪ್ಪನವರು, ಕೆಲಸದವರ ಹಾಜರಿ ನೋಡಿಕೊಳ್ಳುವವರು, ಕರೆಂಟು ತೆಗೆದು ಹಾಕಿ ಅದನ್ನು ಎಬ್ಬಿಸಿ ಎಬ್ಬಿಸಿ ಬೇಸತ್ತು ನನಗೆ ಫೋನ್ ಮಾಡಿದರು. ನಾನು ಹೋದ ಕೂಡಲೇ ಅವರು ಹೇಳಿದ್ದು ಒಂದೇ ಮಾತು.

“ಬಿಚ್ಚುವ ಮೊದಲು ನನಗೆ ಹೇಳಿ ಮಾರಾಯ್ರೆ. ದಾರಿಗೆ ಅಡ್ಡ ಗೋಣಿಚೀಲ ಕಟ್ಟಿಸ್ತೇನೆ. ಇವರೆಲ್ಲ ದೀಪ ನೋಡಿಯೇ ನಡೆಯುವವರು.”

ಆಗಲಿ ಎಂದೆ. ಕಂಬದಿಂದ ಹತ್ತು ಮಾರು ದೂರದ ಪಂಪ್‌ಹೌಸಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿಟಕಿಯಿಂದ ಸೀರಿಯಲ್ ಕೇಬಲ್ ಎಳೆದು ಪೆಟ್ಟಿಗೆಗೆ ಸಿಕ್ಕಿಸಿದೆ. ಕಂಪ್ಯೂಟರಿನ ಒಳತಿರುಳನ್ನು ಕರ್ನಲ್ ಎನ್ನುತ್ತೇವೆ. ನಡೆಯುತ್ತಿರುವ ಕರ್ನಲನ್ನು ತಡೆದು ನಿಲ್ಲಿಸಿ, ಯಾವ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವ ಸಾಧನ ಡೀಬಗರ್. ಪೆಟ್ಟಿಗೆಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಆ ಕೇಬಲ್ಲಿನ ಒಂದು ತಂತಿಯಲ್ಲಿ ನಾನು ಹೇಳಬೇಕು, ಇನ್ನೊಂದರಲ್ಲಿ ಅದು ಉತ್ತರ ಕೊಡಬೇಕು. ಓದುಗರು ಒಂದು ವಿಷಯ ನೆನಪಿಡಬೇಕು. ಡೀಬಗರ್ ಹಿಡಿದಿರುವಷ್ಟು ಹೊತ್ತು ಆ ಕಂಪ್ಯೂಟರು ಏನನ್ನೂ ಮಾಡದು. ಕ್ಯಾಮೆರಾ ನೋಡದು, ದೀಪ ಹಚ್ಚದು, ಹತ್ತಿದ್ದ ದೀಪವನ್ನು ಆರಿಸದು. ‘ಗೋ’ ಎಂದು ಬರೆದು ಕಳಿಸಿದ ಮೇಲೆಯೇ ಅದು ಮತ್ತೆ ನಡೆಯುವುದು.

ಒಂದೂವರೆ ಗಂಟೆ ಆ ಕೇಬಲ್ಲು ನನ್ನನ್ನು ಆಟವಾಡಿಸಿತು. ಮೊದಲು ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಎರಡೂ ಕಡೆಯ ವೇಗ ಹೊಂದಿಸಿದಾಗ ಅಕ್ಷರಗಳು ಸರಿಯಾದವು. ಆಮೇಲೆ ಅದು ಹೇಳುವುದು ನನಗೆ ಕಾಣುತ್ತಿತ್ತು, ನಾನು ಒತ್ತಿದ ಕೀಲಿ ಅದಕ್ಕೆ ಮುಟ್ಟುತ್ತಿರಲಿಲ್ಲ. ಕಂಬಕ್ಕೂ ಪಂಪ್‌ಹೌಸಿಗೂ ನಾಲ್ಕು ಸಲ ಓಡಾಡಿ, ಕೊನೆಗೆ ಕಳಿಸುವ ತಂತಿಯ ಬೆಸುಗೆ ಬಿಟ್ಟಿರುವುದನ್ನು ಕಂಡುಹಿಡಿದು ಸರಿಮಾಡಿದೆ. ತಡೆಯುವ ಆಜ್ಞೆ ಒತ್ತಿದೆ. ಕರ್ನಲ್ ನಿಂತಿತು. ಡೀಬಗರ್ ತನ್ನ ಸಾಲು ತೋರಿಸಿ ನನಗಾಗಿ ಕಾದು ಕುಳಿತಿತು.

ಸಂಪರ್ಕ ಬಂತೇ ಎಂದು ನೋಡಿ ಎರಡೇ ನಿಮಿಷದಲ್ಲಿ ಬಿಟ್ಟುಬಿಡುವುದು ನನ್ನ ಯೋಚನೆಯಾಗಿತ್ತು. ಅಷ್ಟಕ್ಕೆ ಕುಶಾಲಪ್ಪನವರನ್ನು ಯಾಕೆ ಕರೆಯುವುದು ಅಂದುಕೊಂಡೆ. ಆದರೆ ಅಷ್ಟು ಸತಾಯಿಸಿದ್ದು ಕೈಗೆ ಸಿಕ್ಕಾಗ ಬಿಡಲು ಮನಸ್ಸು ಬರಲಿಲ್ಲ. ಒಳಗೆ ನಿಂತಿದ್ದ ಕೆಲಸಗಳ ಒಂದು ಪಟ್ಟಿ ತೆಗೆದೆ, ಇನ್ನೊಂದು ತೆಗೆದೆ, ಗಂಟು ಎಲ್ಲಿದೆಯೆಂಬ ಸುಳಿವು ಸಿಕ್ಕಿತು, ಮೈಮರೆತೆ. ಅಂದು ಸಂತೆಯ ದಿನ. ಪಿಕಿಂಗ್ ಬೇಗ ಮುಗಿಯುತ್ತದೆಂದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು.

ತಲೆಯೆತ್ತಿದ್ದು ಹೆಂಗಸರ ಮಾತು ಕೇಳಿ. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ನಡುವೆ ನಾಲ್ವರು ಇಳಿದು ಬರುತ್ತಿದ್ದರು. ಮುಂದೆ ಇದ್ದವರು ಪಿರಿಯಾಪಟ್ಟಣ ಕಡೆಯ ಸಿದ್ದಮ್ಮ, ಆ ಲೈನಿನ ಹಿರಿಯರು. ಅದೇ ಹೊತ್ತಿಗೆ ಕೆರೆಯ ಪಕ್ಕದ ಪೊದೆಯಲ್ಲಿ ಕೊಂಬೆ ಮುರಿದ ಸದ್ದಾಯಿತು. ಪೆಟ್ಟಿಗೆಯನ್ನು ನಾನು ಕಟ್ಟಿಹಾಕಿ ಕೂತಿದ್ದೇನೆ, ದಾರಿಗೆ ಚೀಲವಿಲ್ಲ. ಕೂಗಲು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ‘ಗೋ’ ಎಂದು ಬರೆಯಬೇಕೆಂಬುದೂ ಹೊಳೆಯಲಿಲ್ಲ.

ಆಗ ಕಂಬದ ತುದಿಯಲ್ಲಿ ಕೆಂಪು ದೀಪ ಹತ್ತಿತು.

ಸಿದ್ದಮ್ಮ ಕೈ ಅಡ್ಡ ಹಿಡಿದರು. ನಾಲ್ವರೂ ನಿಂತಲ್ಲೇ ನಿಂತರು. ಅವರಿಗಿಂತ ಇಪ್ಪತ್ತು ಹೆಜ್ಜೆ ಮುಂದೆ, ತಿರುವಿನಲ್ಲಿ, ಮೂರು ಆನೆಗಳು ಒಂದರ ಹಿಂದೊಂದು ದಾರಿಗೆ ಬಂದವು. ನಡುವೆ ಒಂದು ಮರಿ. ದೊಡ್ಡದು ಹೆಂಗಸರ ಕಡೆ ತಿರುಗಿ, ಕಿವಿಯಗಲಿಸಿ ತುಸು ಹೊತ್ತು ನಿಂತು, ಮರಿಯ ಹಿಂದೆಯೇ ಕಾಫಿ ಗಿಡಗಳ ನಡುವೆ ಇಳಿದುಹೋಯಿತು. ಕೊನೆಯ ಸದ್ದು ಅಡಗಿದ ಮೇಲೆ ದೀಪ ಆರಿತು. ನಾನು ಲ್ಯಾಪ್‌ಟಾಪ್ ನೋಡಿದೆ. ಡೀಬಗರಿನ ಸಾಲು ಮೊದಲಿನ ಹಾಗೆಯೇ ನನ್ನ ಮಾತಿಗೆ ಕಾಯುತ್ತಿತ್ತು. ಯಂತ್ರ ನಿಂತೇ ಇತ್ತು.

ಕುಶಾಲಪ್ಪನವರು ಓಡಿಬಂದರು. “ಒಳಗಿಂದ ನೀವೇ ದೀಪ ಹಾಕಿದ್ದಾ?” ಎಂದು ಕೇಳಿದರು.

“ಹೂಂ” ಎಂದೆ. ಆ ಸುಳ್ಳು ಹೇಗೆ ಬಾಯಿಗೆ ಬಂತೋ ತಿಳಿಯದು. ಸಿದ್ದಮ್ಮ ನನಗೆ ಕೈ ಮುಗಿದರು. ನಾಚಿಕೆಯಿಂದ ಹಿಡಿಯಷ್ಟಾದೆ.

ಪೆಟ್ಟಿಗೆಯನ್ನು ಅಂಗಡಿಗೆ ತಂದು ತಿಂಗಳುಗಟ್ಟಲೆ ಕೆದಕಿದೆ. ಅಂದು ಕೇಬಲ್ಲಿನಲ್ಲಿ ಹಾದುಹೋದ ಒಂದೊಂದು ಅಕ್ಷರವೂ ಲ್ಯಾಪ್‌ಟಾಪಿನಲ್ಲಿ ದಾಖಲಾಗಿತ್ತು; ಆ ಹೊತ್ತಿನಲ್ಲಿ ಒಂದು ಅಕ್ಷರವೂ ಹೋಗಿರಲಿಲ್ಲ, ಬಂದಿರಲಿಲ್ಲ. ಪೆಟ್ಟಿಗೆಯ ನೆನಪಿನಲ್ಲಿ ಆನೆಯನ್ನು ಕಂಡ ಗುರುತೇ ಇರಲಿಲ್ಲ. ದೀಪಕ್ಕೆ ಕರೆಂಟು ಬಿಡುವ ರಿಲೇಯ ಮುಚ್ಚಳ ಬಿಚ್ಚಿ ನೋಡಿದೆ. ತೇವವಿಲ್ಲ, ತುಕ್ಕಿಲ್ಲ, ಒಂದು ಇರುವೆಯೂ ಇಲ್ಲ. ನೂರಾರು ಸಲ ಡೀಬಗರಿನಿಂದ ನಿಲ್ಲಿಸಿ ನಿಲ್ಲಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ದೀಪ ಒಮ್ಮೆಯೂ ಹತ್ತಲಿಲ್ಲ. ತಂತಿ ಎಲ್ಲೋ ಅಲುಗಿ ಹತ್ತಿರಬೇಕು ಎಂದರೆ ಒಪ್ಪಬಹುದು. ಸರಿಯಾದ ಹೊತ್ತಿಗೆ ಹತ್ತಿದ್ದನ್ನೂ ಕಾಕತಾಳೀಯ ಎನ್ನೋಣ. ಸರಿಯಾದ ಹೊತ್ತಿಗೇ ಆರಿತಲ್ಲ, ಅಲ್ಲಿಗೆ ನನ್ನ ವಿದ್ಯೆ ನಿಂತುಹೋಗುತ್ತದೆ.

ಹೊಸ ಪೆಟ್ಟಿಗೆಯಲ್ಲಿ ಹಸಿರು ದೀಪವಿಟ್ಟೆ. ಅದು ಉರಿಯುತ್ತಿದ್ದರೆ ಮಾತ್ರ ದಾರಿ. ಯಂತ್ರ ಕ್ಷಣಕ್ಷಣವೂ ಸೂಚನೆ ಕೊಡುತ್ತಿದ್ದರಷ್ಟೇ ರಿಲೇ ಅದಕ್ಕೆ ಕರೆಂಟು ಬಿಡುತ್ತದೆ; ಯಂತ್ರ ನಿಂತರೆ ಹಸಿರೂ ಆರುತ್ತದೆ. ಆದರೂ ಆ ‘ಹೂಂ’ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಕಳೆದ ಪಿಕಿಂಗಿನಲ್ಲಿ ಕುಶಾಲಪ್ಪನವರಿಗೆ ಎಲ್ಲ ಹೇಳಿ, ಆಮೇಲೆ ಸಿದ್ದಮ್ಮನನ್ನು ಕಂಡು ಹೇಳಿದೆ. ದೀಪ ಹಾಕಿದ್ದು ನಾನಲ್ಲ, ಯಂತ್ರವನ್ನು ನಿಲ್ಲಿಸಿ ಮರೆತವನು ನಾನು ಎಂದೆ. ದೇವರ ಹೆಸರೆತ್ತುತ್ತಾರೆ ಎಂದುಕೊಂಡಿದ್ದೆ. ಅವರು ಎತ್ತಲಿಲ್ಲ. ಕೈಯಲ್ಲಿದ್ದ ಕಾಫಿ ಹಣ್ಣುಗಳನ್ನು ಚೀಲಕ್ಕೆ ಸುರಿದು ನನ್ನ ಕಡೆ ತಿರುಗಿದರು.

“ಇನ್ನೊಂದ್ ಸಲ ಹಂಗೇ ಆದ್ರೆ, ಅದು ಹತ್ತುತ್ತೆ ಅಂತ ಹೇಳಕ್ಕಾಯ್ತದಾ ಸಾರ್ ನಿಮ್ಗೆ?”

“ಇಲ್ಲಮ್ಮ.”

“ಹಂಗಾರೆ ಅದನ್ನ ಕಟ್ಕಂಡು ನಮ್ಗೇನು. ನೀವು ಮರೀಬೇಡಿ, ಅಷ್ಟೆ ಸಾಕು.”

ಚೀಲ ತಲೆಗೇರಿಸಿಕೊಂಡು ಹೋದರು. ಅವರಿಗೆ ಬೇಡವಾದ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ. ಅಂದು ಆ ನಾಲ್ವರ ಜೀವ ಯಾರ ಕೈಯಲ್ಲಿತ್ತೋ ನನಗೆ ತಿಳಿಯದು. ನನ್ನ ಕೈಯಲ್ಲಿರಬೇಕಾಗಿತ್ತು, ಇರಲಿಲ್ಲ ಎಂಬುದಷ್ಟೇ ಗೊತ್ತು.