ತ್ರೆಂದಕ್ಕನ ಬಟ್ಟಲಲ್ಲಿ ಕುದುರೆಯೋ ಮೇಕೆಯೋ

ಪ್ರಿಲೆಪ್ ಪಟ್ಟಣದಲ್ಲಿ ನಾವಿರುವ ಕಟ್ಟಡದ ಮೂರನೇ ಮಹಡಿಯಲ್ಲಿ ತ್ರೆಂದಾಫಿಲ್ಕಾ ಇದ್ದಾಳೆ. ನಮಗೆಲ್ಲ ತ್ರೆಂದಕ್ಕ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಅವಳಿಗೆ ಮನೆಯಲ್ಲಿ ಬೈಯಲು ಗಂಡ ಕ್ರಸ್ತೆ ಒಬ್ಬನೇ ಸಾಲಲಿಲ್ಲ. ಕುಡಿದ ಕಾಫಿ ಬಟ್ಟಲನ್ನು ಬೋರಲು ಹಾಕಿ, ಒಳಗಂಟಿದ ಗಸಿಯ ಆಕಾರ ನೋಡಿ ಭವಿಷ್ಯ ಹೇಳುವ ವಿದ್ಯೆ ಅವಳಿಗೆ ಅಜ್ಜಿಯಿಂದ ಬಂದಿತ್ತು. ಅದನ್ನು ಭಾನುವಾರ ಭಾನುವಾರ ಮನೆಯ ಕಂಪ್ಯೂಟರಿನಿಂದ ನೇರಪ್ರಸಾರ ಮಾಡತೊಡಗಿದಳು. ಕಾಫಿ ಕುಡಿಯುವವಳು ಕೆಳಮನೆಯ ನಾನು. ನನಗಿನ್ನೂ ಮದುವೆಯಾಗಿಲ್ಲ, ಹಾಗಾಗಿ ನನ್ನ ಭವಿಷ್ಯದಲ್ಲಿ ಜಾಗ ಬೇಕಾದಷ್ಟಿದೆ ಎಂದು ಅವಳ ಲೆಕ್ಕ.

ಪ್ರಸಾರದ ಚಿತ್ರ ಮಾತ್ರ ದೇವರಿಗೇ ಪ್ರೀತಿ. ಬೆನ್ನ ಹಿಂದಿನ ಕಿಟಕಿಯ ಬೆಳಕಿಗೆ ತ್ರೆಂದಕ್ಕನ ಮುಖ ಕಪ್ಪು ಮಡಕೆಯಂತೆ ಕಾಣುತ್ತಿತ್ತು. ತೆರೆದ ಬಾಯಿ ತೆರೆದಂತೆಯೇ ನಿಂತು, ಮಾತು ಮಾತ್ರ ಮುಂದೆ ಹೋಗುತ್ತಿತ್ತು. "ಅದು ಬಟ್ಟಲೋ, ಬೂಟೋ?" ಎಂದು ನೋಡುಗನೊಬ್ಬ ಬರೆದ ದಿನ ಅವಳು ಊಟ ಬಿಟ್ಟಳು.

ನಾನು ಚಿಕ್ಕಪ್ಪನ ಮಗ ಗೋತ್ಸೆಯನ್ನು ಕರೆತಂದೆ. ಅವನದು ಮದುವೆ ವಿಡಿಯೊ ತೆಗೆಯುವ ಕೆಲಸ. ಬಂದವನೇ ಕ್ಯಾಮೆರಾದ ಮೇಲೆ ಬೆರಳಾಡಿಸಿ ಮೂಸಿದ.

"ಅಕ್ಕಾ, ಏನಿದು ಅಂಟು?"

"ಮೆಣಸಿನಕಾಯಿ ಗೊಜ್ಜು ಕಣೋ. ಒಲೆ ಪಕ್ಕದಲ್ಲೇ ತಾನೆ ಇರೋದು. ಹಾರಿರುತ್ತೆ."

ಗೋತ್ಸೆ ಅದನ್ನು ಒರೆಸಿದ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಮೇಜು ತಿರುಗಿಸಿದ. ವೈಫೈ ನಂಬಬೇಡಿ ಎಂದು ಪಡಸಾಲೆಯಿಂದ ಅಡುಗೆಮನೆಯವರೆಗೆ ತಂತಿ ಎಳೆದ. ಕ್ರಸ್ತೆ ಅದಕ್ಕೆ ಎಡವಿ ಬಿಸ್ಕತ್ತಿನ ತಟ್ಟೆಸಮೇತ ಸೋಫಾ ಸೇರಿದ.

"ಭಾವ, ಪ್ರಸಾರದ ಹೊತ್ತಲ್ಲಿ ನೀವು ಫುಟ್‌ಬಾಲ್ ಹಾಕ್ಬೇಡಿ. ಇಬ್ರೂ ಒಂದೇ ಇಂಟರ್ನೆಟ್ ತಿಂತಿದೀರ."

"ಇನ್ನೇನು, ಉಸಿರಾಡ್ಬೋದಾ?"

"ಮೆತ್ತಗೆ ಆಡು," ಎಂದಳು ತ್ರೆಂದಕ್ಕ.

ಕೊನೆಗೆ ಗೋತ್ಸೆ ಚಿತ್ರದ ಅಳತೆಯನ್ನೇ ಒಂದು ಮೆಟ್ಟಿಲು ಇಳಿಸಿದ. "ಇಲ್ಲಿಂದ ಹೊರಗೆ ಹೋಗೋ ದಾರಿ ಕಿರಿದು, ಅಕ್ಕಾ. ದೊಡ್ಡ ಚಿತ್ರ ತುರುಕಿದ್ರೆ ಚೂರುಚೂರಾಗುತ್ತೆ. ಚಿಕ್ಕದಾದ್ರೆ ಇಡಿಯಾಗಿ ಹೋಗುತ್ತೆ."

ಆ ಭಾನುವಾರ ಚಿತ್ರ ಕನ್ನಡಿಯಷ್ಟು ನಿಚ್ಚಳ. ತ್ರೆಂದಕ್ಕ ನನ್ನ ಬಟ್ಟಲನ್ನು ಕ್ಯಾಮೆರಾದ ಮುಂದೆ ಹಿಡಿದಳು.

"ನೋಡೇ, ಕುದುರೆ! ಎತ್ತರದ ಗಂಡು ಬರ್ತಾನೆ ನಿಂಗೆ!"

ಪರದೆಯ ಪಕ್ಕದಲ್ಲಿ ನೋಡುಗರು ಬರೆದ ಸಾಲುಗಳು ದಬದಬನೆ ಬಿದ್ದವು. ಅದು ಮೇಕೆ. ಕೊಂಬು ಕಾಣ್ತಿದೆ. ಕೊಂಬಲ್ಲ, ಕಿವಿ. ಕುದುರೆಗೆ ಗಡ್ಡ ಇರುತ್ತೇನ್ರಿ?

ಫುಟ್‌ಬಾಲ್ ಇಲ್ಲದೆ ಕೈಕಟ್ಟಿ ಕೂತಿದ್ದ ಕ್ರಸ್ತೆ ಎದ್ದು ಬಂದು ಬಗ್ಗಿ ನೋಡಿದ. "ಮೇಕೆನೇ ಕಣೇ."

"ಕನ್ನಡಕ ಹಾಕ್ಕೊಂಡು ಮಾತಾಡು!"

"ಹಾಕ್ಕೊಂಡೇ ಇದೀನಿ. ನೀನು ಹಾಕ್ಕೋ."

ತ್ರೆಂದಕ್ಕನ ಕಿವಿ ಕೆಂಪಾಯಿತು. ಇಷ್ಟು ವರ್ಷ ಅವಳು ಕಂಡದ್ದೇ ಕುದುರೆ, ಅವಳು ಅಂದದ್ದೇ ಹಡಗು. "ಈ ದರಿದ್ರ ಬೆಳಕೇ ಬೇಡ!" ಎಂದು ಬೆಣ್ಣೆ ಹತ್ತಿದ ಹೆಬ್ಬೆರಳನ್ನು ಕ್ಯಾಮೆರಾಕ್ಕೆ ಒತ್ತಲು ಹೋದಳು. ಗೋತ್ಸೆ ಅವಳ ಕೈ ಹಿಡಿದುಕೊಂಡ.

"ಅಕ್ಕಾ, ನಿಲ್ಲಿ! ಇಷ್ಟು ಜನ ಯಾವತ್ತೂ ನೋಡಿಲ್ಲ. ಒಬ್ರೂ ಎದ್ದು ಹೋಗ್ತಿಲ್ಲ!"

ತ್ರೆಂದಕ್ಕ ಕೂತಳು. ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಳ್ಳುವ ಗತ್ತಿನಲ್ಲಿ ಏಪ್ರನ್ ಎಳೆದುಕೊಂಡಳು.

"ಸರಿ, ಮೇಕೆನೇ. ಈಗ ಹೇಳಿ, ಬಟ್ಟಲಲ್ಲಿ ಮೇಕೆ ಬಂದ್ರೆ ಏನರ್ಥ? ಹೇಳ್ರಪ್ಪಾ, ಕಣ್ಣು ಚೆನ್ನಾಗಿರೋರು!"

ಬಟ್ಟಲನ್ನು ಕ್ಯಾಮೆರಾಕ್ಕೆ ಇನ್ನಷ್ಟು ಹತ್ತಿರ ಹಿಡಿದಳು.

"ಗೊತ್ತಿಲ್ಲ ತಾನೆ? ಮೇಕೆ ಅಂದ್ರೆ, ಕಂಡಿದ್ದೆಲ್ಲ ತಿಂದು, ಮೇಲೆ ಉಪದೇಶ ಮಾಡೋ ಗಂಡ."

ಬಾಯ್ತುಂಬ ಬಿಸ್ಕತ್ತು ತುಂಬಿಕೊಂಡಿದ್ದ ಕ್ರಸ್ತೆ ನಿಚ್ಚಳವಾಗಿ ಪ್ರಸಾರವಾದ.

ಅಂದಿನಿಂದ ಆಕಾರ ಹೇಳುವುದು ಜನರ ಪಾಲು, ಅರ್ಥ ಹೇಳುವುದು ತ್ರೆಂದಕ್ಕನ ಪಾಲು. ಕಳೆದ ವಾರ ನನ್ನ ಬಟ್ಟಲಲ್ಲಿ ಅರ್ಧ ಜನ ಕೋಳಿ ಕಂಡರು, ಇನ್ನರ್ಧ ಲಾರಿ. ಎರಡಕ್ಕೂ ಪ್ರಯಾಣವೇ ಫಲ ಎಂದಳು. ನಾನು ಹತ್ತಿರದ ಬಿತೋಲಾ ಪಟ್ಟಣಕ್ಕೆ ಹೋಗಿ ಒಂದು ಜೊತೆ ಚಪ್ಪಲಿ ಕೊಂಡು ಬಂದೆ.