ಹಲಸಿನ ಮರದ ನೆಟ್

ಅವರ ಬಲಗೈ ಮೊಣಕೈಯಿಂದ ಕೆಳಗೆ ಕಾವಲಿಯಷ್ಟು ಕಪ್ಪು, ಎಡಗೈ ಮಾತ್ರ ಗೋಧಿ ಬಣ್ಣ. ಬಲಗೈಯನ್ನು ಹೊರಗೆ ಇಳಿಬಿಟ್ಟು ಜೀಪು ಓಡಿಸಿದ ವರ್ಷಗಳ ಬಿಸಿಲೆಲ್ಲ ಆ ಒಂದೇ ಕೈಗೆ ಬಿದ್ದಿತ್ತು. ಕಡಬದಾಚೆಯ ಆ ಹಳ್ಳಿಯ ಶಾಲೆಗೆ ನಾನು ಟೀಚರಾಗಿ ಬಂದ ದಿನ, ಬಸ್ಸಿಳಿದು ಟ್ರಂಕಿನ ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದಾಗ, ಆ ಕೈ ನನ್ನನ್ನು ಕರೆದಿತ್ತು. "ಹತ್ತಿ ಟೀಚರೇ, ನಿಮ್ಮ ಬಾಡಿಗೆ ಮನೆ ನಮ್ಮ ಮನೆಯ ಕೆಳಗೇ ಉಂಟು." ಊರಿಗೆಲ್ಲ ಅವರು ಜೀಪಿನ ಮಾವ. ನನಗೂ ನನ್ನ ಗಂಡನಿಗೂ ಹಾಗೆಯೇ ಆದರು. ಅವರ ಹೆಂಡತಿ ನಮಗೆ ಅತ್ತೆಯಾದರು.

ಮಾವ ಮನೆಯಲ್ಲಿ ಅರೆಭಾಷೆ, ಜೀಪಿನಲ್ಲಿ ತುಳು, ನನ್ನೊಡನೆ ಕನ್ನಡ ಆಡುತ್ತಿದ್ದರು. ಬೈಗುಳ ಮಾತ್ರ ಮೂರರಲ್ಲೂ ಒಂದೇ ಸ್ವರದಲ್ಲಿ ಬರುತ್ತಿತ್ತು. ಯಾರಾದರೂ ಜೀಪಿನ ಬಾಗಿಲನ್ನು ದಢಾರನೆ ಹಾಕಿದರೆ ಮುಗಿಯಿತು. "ಮೆಲ್ಲ ಮಾರಾಯ್ರೆ! ಜಗಳ ಮನೆಯಲ್ಲಿ ಆದದ್ದಲ್ವಾ? ನನ್ನ ಬಾಗಿಲು ನಿಮಗೆ ಎಂತ ಮಾಡಿದೆ?" ಹಾಗೆ ಬೈದ ಮಾವನೇ, ಬೈಸಿಕೊಂಡವರು ಇಳಿಯುವಾಗ ಅವರ ಅಕ್ಕಿಮೂಟೆಯನ್ನು ಜಗುಲಿಯವರೆಗೆ ಹೊತ್ತು ಕೊಡುತ್ತಿದ್ದರು.

ನಮ್ಮ ಮನೆಯಿದ್ದದ್ದು ತಗ್ಗಿನಲ್ಲಿ. ಅಲ್ಲಿ ನಮ್ಮ ಫೋನುಗಳು ಗಡಿಯಾರ ನೋಡುವುದಕ್ಕಷ್ಟೇ ಲಾಯಕ್ಕು. ಮಾವನ ಅಂಗಳದ ಹಲಸಿನ ಮರದ ಕವಲಿನಲ್ಲಿ, ಅದೂ ಮಾವನ ಫೋನಿಗೆ ಮಾತ್ರ, ಸಿಗ್ನಲ್ ಸಿಗುತ್ತಿತ್ತು. ಕವಲಿಗೆ ಒಂದು ಡಬ್ಬಿ ಕಟ್ಟಿ, ಅದರಲ್ಲಿ ಫೋನಿಟ್ಟು, ಮರಕ್ಕೊಂದು ಏಣಿ ಒರಗಿಸಿದ್ದರು. ರಿಂಗಾದರೆ ಏಣಿ ಹತ್ತಿ ನಿಂತು "ಹಲೋ" ಎನ್ನಬೇಕು. ಕೊರೊನಾ ಬಂದು ಶಾಲೆ ಮುಚ್ಚಿದಾಗ, ಫೋನಿನ ಇಂಟರ್ನೆಟ್ಟನ್ನು ತಂತಿಯಿಲ್ಲದೆ ಲ್ಯಾಪ್‌ಟಾಪಿಗೆ ಕೊಡುವ ಹಾಟ್‌ಸ್ಪಾಟ್ ಎಂಬುದನ್ನು ನನ್ನ ಗಂಡ ಮಾವನಿಗೆ ತೋರಿಸಿಕೊಟ್ಟರು. ಅಂದಿನಿಂದ ನಾನು ಹಲಸಿನ ಬುಡದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಮಾಡುತ್ತಿದ್ದೆ. ತೋಟಕ್ಕೆ ನೀರು ಬಿಟ್ಟವರ ಹಾಗೆ ಮಾವ ಏಣಿಯ ಮೇಲಿನಿಂದ ಕೇಳುತ್ತಿದ್ದರು: "ನೆಟ್ ಬಿಟ್ಟೆ ಟೀಚರೇ, ಬಂತಾ?"

ಒಂದೇ ತೊಂದರೆ. ಅವರಿಗೆ ಯಾರಾದರೂ ಕರೆ ಮಾಡಿದ ಕೂಡಲೇ ನನ್ನ ನೆಟ್ ಹೋಗುತ್ತಿತ್ತು. ಬಸ್ಸುಗಳು ನಿಂತಿದ್ದ ಆ ದಿನಗಳಲ್ಲಿ ಆಸ್ಪತ್ರೆಗೆಂದು ಊರವರೆಲ್ಲ ಕರೆಯುತ್ತಿದ್ದದ್ದು ಅವರನ್ನೇ. ಪಾಠ ತುಂಡಾದರೆ ಮತ್ತೆ ಮಾಡಬಹುದಿತ್ತು, ಬಿಡಿ. ಆದರೆ ಅದೇ ಬೇಸಗೆಯಲ್ಲಿ ನಮಗೊಂದು ಪತ್ರ ಬಂತು.

ನಮಗೆ ಮಕ್ಕಳಿರಲಿಲ್ಲ. ದತ್ತು ಪಡೆಯಲು ಹೆಸರು ಕೊಟ್ಟು ವರ್ಷಗಳಾಗಿದ್ದವು. ಒಂದು ಹೆಣ್ಣುಮಗು ಇದೆ, ಓಡಾಟಕ್ಕೆ ನಿರ್ಬಂಧ ಇರುವುದರಿಂದ ಸಮಿತಿಯವರು ವಿಡಿಯೊದಲ್ಲೇ ಮಾತಾಡುತ್ತಾರೆ, ಅವರು ಒಪ್ಪಿದರೆ ಮಗು ನಿಮ್ಮದು ಎಂದಿತ್ತು ಪತ್ರ. ನಾನು ಹಿಗ್ಗಲಿಲ್ಲ, ಹೆದರಿದೆ. ಮಾತು ನಡುವೆ ಕಡಿದುಹೋದರೆ, ಒಂದು ಕರೆಯೂ ನಿಲ್ಲದ ಈ ಮನೆಗೆ ಮಗುವನ್ನು ಹೇಗೆ ಕೊಡುವುದು ಎಂದುಕೊಂಡರೆ? ನನ್ನ ಚಿಕ್ಕಮ್ಮನಿಗೆ ಬೇರೆಯೇ ಚಿಂತೆ. "ಯಾರದ್ದೋ ರಕ್ತ, ನಾಳೆ ನಿನ್ನವಳಾಗ್ತಾಳಾ?" ಎಂದರು. ಅವರೊಡನೆ ನಾನು ಆಮೇಲೆ ಬಹಳ ಕಾಲ ಮಾತಾಡಲಿಲ್ಲ.

ಸಮಿತಿಯವರ ಮಾತು ಮುಗಿಯುವವರೆಗೆ ಬೇರೆ ಕರೆಗಳು ಬಾರದಂತೆ ಫೋನಿನಲ್ಲೇ ತಡೆಯಬಹುದು ಎಂದು ನನ್ನ ಗಂಡ ಹೇಳಿದಾಗ ಮಾವ ಒಪ್ಪಲಿಲ್ಲ. "ಅದು ಬೇಡ. ಕಷ್ಟದಲ್ಲಿ ಫೋನ್ ಮಾಡಿದವರಿಗೆ ನಾನು ಇಲ್ಲ ಅಂತ ಆಗ್ತದೆ. ನಾನು ಇದ್ದೇನಲ್ಲ?"

ಹಿಂದಿನ ದಿನ ಜೀಪು ತೆಗೆದುಕೊಂಡು ಮನೆಮನೆಗೆ ಹೋಗಿ ಹೇಳಿ ಬಂದರು. "ನಾಳೆ ಬೆಳಿಗ್ಗೆ ಟೀಚರಿಗೆ ಮಗು ಸಿಗುವ ಮಾತುಕತೆ ಉಂಟು. ಫೋನ್ ಮಾಡುದು ಬೇಡ. ಜೀಪ್ ಬೇಕಾದ್ರೆ ಒಂದು ಕೂಕುಳು ಹಾಕಿ, ನಾನು ಅಂಗಳದಲ್ಲೇ ಕೂತಿರ್ತೇನೆ." ಫೋನು ಬರುವ ಮೊದಲು ಗುಡ್ಡದಿಂದ ಗುಡ್ಡಕ್ಕೆ 'ಕೂ' ಎಂದು ಕೂಗಿಯೇ ಜನರನ್ನು ಕರೆಯುತ್ತಿದ್ದ ಊರದು. ಹಳಬರಿಗೆ ಗಂಟಲು ಸರಿಮಾಡಿಕೊಳ್ಳಲು ಒಂದು ನೆಪ ಸಿಕ್ಕಿತು.

ಮರುದಿನ ಮಾತುಕತೆ ಚೆನ್ನಾಗಿಯೇ ಸಾಗಿತ್ತು. ಸಮಿತಿಯ ಹಿರಿಯ ಮೇಡಂ ಕೇಳಿದರು, "ನೀವಿಬ್ಬರೂ ಕೆಲಸಕ್ಕೆ ಹೋಗುವವರು. ಸುತ್ತಮುತ್ತ ನೆಂಟರೂ ಇಲ್ಲ. ಮಗುವಿಗೆ ಆಪತ್ತು ಬಂದರೆ ಓಡಿ ಬರುವವರು ಯಾರಿದ್ದಾರೆ?" ನಾನು ಬಾಯಿ ತೆರೆಯುವುದಕ್ಕೂ ಹೊಳೆಯಾಚೆಯಿಂದ ಕೂಕುಳು ಕೇಳುವುದಕ್ಕೂ ಸರಿಯಾಯಿತು. ಒಂದಲ್ಲ, ಬಿಡದೆ ಒಂದರ ಮೇಲೊಂದು.

ಮಾವ ಎದ್ದರು. ಅತ್ತೆ ಮರದ ಮೇಲಿನ ಫೋನು ತೋರಿಸಿ, ತೆಗೆದುಕೊಂಡು ಹೋಗಿ ಎಂದು ಸನ್ನೆ ಮಾಡಿದರು. ಮಾವ ಕೈಯಾಡಿಸಿದರು, ಬೇಡ. ಜೀಪು ಸ್ಟಾರ್ಟ್ ಮಾಡಿದರೆ ನಮ್ಮ ಮಾತಿಗೆ ಅಡ್ಡಿ ಎಂದು ಬ್ರೇಕು ಬಿಟ್ಟು, ಗಾಡಿಯನ್ನು ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಸಿಕೊಂಡು ಹೋದರು. ತಿರುವು ದಾಟಿದ ಮೇಲೆಯೇ ಇಂಜಿನ್ ಕೇಳಿಸಿತು.

"ಏನದು ಕೂಗು?" ಎಂದರು ಮೇಡಂ. ನನಗೆ ಅಳು ಬಂದಿತ್ತು. ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿಬಿಟ್ಟೆ: ಈ ಫೋನು ಯಾರದ್ದು, ಊರವರು ಯಾಕೆ ಕೂಗುತ್ತಿದ್ದಾರೆ, ಈಗ ಓಡಿದವರು ಯಾರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಪ್ರಶ್ನೆ ಮಗುವಿಗೆ ಯಾವ ಹೆಸರಿಡುತ್ತೀರಿ ಎಂಬುದಾಗಿತ್ತು.

ಹೊಳೆಯಾಚೆ ಒಬ್ಬ ಹೆಂಗಸಿಗೆ ಹಾವು ಕಚ್ಚಿತ್ತು. ಮಾವ ಪುತ್ತೂರಿನ ಆಸ್ಪತ್ರೆಗೆ ಮುಟ್ಟಿಸಿದರು, ಅವಳು ಬದುಕಿದಳು. ಕತ್ತಲಾಗುವಾಗ ಮನೆಗೆ ಬಂದವರು ಅದನ್ನು ಎರಡು ಮಾತಿನಲ್ಲಿ ಮುಗಿಸಿ, "ನಮ್ಮದು ಎಂತ ಆಯ್ತು?" ಎಂದು ಕೇಳಿದರು. ನಮ್ಮದು ಎಂದೇ ಕೇಳಿದ್ದು.

ಮಗುವನ್ನು ಕರೆತರಲು ಮಂಗಳೂರಿಗೆ ಹೋದದ್ದೂ ಅದೇ ಜೀಪಿನಲ್ಲಿ. ಬರುವಾಗ ಉಪ್ಪಿನಂಗಡಿಯವರೆಗೂ ಸೈಕಲ್ಲಿನವರೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದರು. "ಎಂತ ಅರ್ಜೆಂಟ್? ಕೂಸು ಮಲಗಿದೆ," ಎಂದರು ಮಾವ. ನಮ್ಮ ಮಗಳು ಮಾತು ಕಲಿತಾಗ ಅವರನ್ನು ಜೀಪಜ್ಜ ಎಂದು ಕರೆದಳು. ಅಷ್ಟು ಜೋರಿನ ಮನುಷ್ಯ ಅವಳು ಬಾಗಿಲು ದಢಾರನೆ ಹಾಕಿದರೂ ಒಮ್ಮೆಯೂ ಬೈಯಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಕಳೆದ ವರ್ಷ ಮಾವ ಎದೆನೋವಿನಿಂದ ತೀರಿಕೊಂಡರು. ಅಂಗಳ ತುಂಬ ಜನ. ಬಾಯಿಗೆ ತುಳಸಿ ನೀರು ಬಿಡಲು ಮನೆಯವರು, ನೆಂಟರು ಬನ್ನಿ ಎಂದು ಹಿರಿಯರೊಬ್ಬರು ಕರೆದರು. ನಾನು ಮಗಳ ಕೈ ಹಿಡಿದು ಪಕ್ಕಕ್ಕೆ ಸರಿದು ನಿಂತೆ. ಆ ಸಾಲು ನಮ್ಮದಲ್ಲ ಎಂದು ನನಗೆ ಗೊತ್ತಿತ್ತು.

ಅತ್ತೆ ತಲೆಯೆತ್ತಿ ನೋಡಿದರು. "ಟೀಚರೇ, ಅಲ್ಲಿ ಎಂತ ನಿಂತದ್ದು? ಕೂಸನ್ನು ಕರ್ಕೊಂಡು ಬನ್ನಿ. ಮೊಮ್ಮಗಳು ನೀರು ಬಿಡದೆ ಅವರನ್ನು ಹೇಗೆ ಕಳಿಸುದು?"

ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಮಗಳು ಎರಡೂ ಕೈಯಲ್ಲಿ ಲೋಟ ಹಿಡಿದು ಬಗ್ಗಿದಳು. ಜಾಸ್ತಿಯೇ ಸುರಿದಳು, ನೀರು ಅವರ ಕುತ್ತಿಗೆಗೆ ಇಳಿಯಿತು. ಅತ್ತೆ ಸೆರಗಿನಿಂದ ಒರೆಸಿ, ಅವಳ ಕೈ ಹಿಡಿದುಕೊಂಡು ಹೇಳಿದರು: "ಸಾಕು ಮಗಾ, ಅಜ್ಜನಿಗೆ ಸಾಕಾಯ್ತು."